ಅಟ್ಟದ ಕೆಳಗೊಂದು ಹೋಂ ಥಿಯೇಟರ್

ನಮ್ಮ ನಡುಮನೆಗೆ ಹೋಂ ಥಿಯೇಟರ್ ಬಂದ ದಿನ ಅಪ್ಪ ಅದಕ್ಕೆ ಪೂಜೆ ಮಾಡಿದ. ತೋಟದ ಮೋಟಾರಿಗೆ, ನನ್ನ ಸ್ಕೂಟರಿಗೆ ಮಾಡಿದ ಹಾಗೆಯೇ ಮಾಡಿದ. ಸಣ್ಣ ಸ್ಪೀಕರುಗಳಿಗೆಲ್ಲ ಒಂದೊಂದು ಕುಂಕುಮದ ಬೊಟ್ಟು ಬಿತ್ತು. ಬೇಸ್ ಬರುವ ದೊಡ್ಡ ಡಬ್ಬದ ಮುಂದಿದ್ದ ಬಟ್ಟೆಯ ಮುಸುಕನ್ನು ಕಿತ್ತು, ಒಳಗಿನ ಕರಿ ಕಾಗದದ ಬಟ್ಟಲಿನ ಮೇಲೆ ಒದ್ದೆ ವಿಭೂತಿಯಲ್ಲಿ ಮೂರು ಪಟ್ಟೆ ಎಳೆದ. ಆಮೇಲೆ ಅದರೆದುರಿಗೇ ಕಾಯಿ ಒಡೆದ.

"ಅಪ್ಪಾ, ಅದು ಕಾಗದ. ನೀರು ತಾಕಬಾರದು" ಅಂದೆ.

"ವಿಭೂತಿ ತಾಕಬಾರ್ದು ಅನ್ನೋ ಸಾಮಾನು ಮನೇಗೆ ಯಾಕ್ಲಾ ತಂದೆ?" ಅಂದ.

ಪೆಟ್ಟಿಗೆಯ ಜೊತೆ ಬಂದಿದ್ದ ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ನಮ್ಮ ಮನೆ ಕಣಕಟ್ಟೆಯಲ್ಲಿ. ಅರಸೀಕೆರೆಯಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತೇನೆ. ದಿನವಿಡೀ ಊರಿನ ಕೆಮ್ಮು ಕೇಳುವ ಮನುಷ್ಯನಿಗೆ ಸಂಜೆಯಾದರೂ ಒಂದಿಷ್ಟು ಒಳ್ಳೆಯ ಸದ್ದು ಕೇಳುವ ಹಕ್ಕಿದೆ ಎಂದು ನಾನೇ ತೀರ್ಮಾನಿಸಿ ತಂದ ಸಾಮಾನು ಅದು. ಹೆಂಡತಿಯನ್ನು ಕೇಳಿರಲಿಲ್ಲ. ಕೇಳಿದ್ದರೆ ತರುತ್ತಿರಲಿಲ್ಲ.

ನಡುಮನೆಯ ಮೇಲೆ ಅಟ್ಟ, ಅಟ್ಟದ ತುಂಬ ತೆಂಗಿನಕಾಯಿ. ನಮ್ಮ ಕಡೆ ಉಂಡೆ ಕೊಬ್ಬರಿಗೆ ಕಾಯಿ ಒಡೆದು ಬಿಸಿಲಿಗೆ ಹಾಕುವುದಿಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಸುಮ್ಮನಿರುತ್ತೇವೆ. ತಿಂಗಳುಗಟ್ಟಲೆ ಸುಮ್ಮನಿರುವುದೇ ಕೆಲಸ. ನಿಧಾನವಾಗಿ ಒಳಗಿನ ನೀರು ಬತ್ತುತ್ತದೆ, ಕೊಬ್ಬರಿ ಒಣಗಿ ಕರಟದಿಂದ ಬಿಟ್ಟುಕೊಳ್ಳುತ್ತದೆ. ಆಗ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಉಂಡೆ ಆಡುತ್ತದೆ. ಆ ಸದ್ದು ಕೇಳಿಯೇ ಅಟ್ಟದ ಕಾಯಿ ಇಳಿಸುವ ತೀರ್ಮಾನ. ಅವಸರ ಮಾಡಿದರೆ ಒಳಗೆ ಹಸಿ ಉಳಿದಿರುತ್ತದೆ, ಕೊಬ್ಬರಿ ಮಂಡಿಯಲ್ಲಿ ವ್ಯಾಪಾರಿಗಳು ಮೂಸಿ ನೋಡಿ ಪಕ್ಕಕ್ಕೆ ತಳ್ಳುತ್ತಾರೆ. ತಡ ಮಾಡಿದರೆ ಕೊಬ್ಬರಿ ಕೆಟ್ಟು ವಾಸನೆ ಬರುತ್ತದೆ.

ನಮ್ಮ ಬೀದಿಯಲ್ಲಿ ಆ ತೀರ್ಮಾನ ಹೇಳುವ ಕಿವಿ ಅಪ್ಪನದು. ಬೇರೆ ಮನೆಯವರೂ ತಮ್ಮ ಅಟ್ಟದಿಂದ ಒಂದೆರಡು ಕಾಯಿ ಹಿಡಿದುಕೊಂಡು ಜಗಲಿಗೆ ಬರುತ್ತಾರೆ. "ಯಜಮಾನ್ರೇ, ಸ್ವಲ್ಪ ನೋಡಿ" ಅನ್ನುತ್ತಾರೆ. ಅಪ್ಪ ಕಾಯಿ ಅಲ್ಲಾಡಿಸಿ, ಕಣ್ಣು ಅರ್ಧ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, "ಆಗೈತೆ" ಅಥವಾ "ಇನ್ನೂ ಇರ್ಲಿ" ಅನ್ನುತ್ತಾನೆ. ಅವರು ಎದುರು ಮಾತಿಲ್ಲದೆ ಹೋಗುತ್ತಾರೆ. ನನ್ನ ಹೆಂಡತಿ ಅಷ್ಟರಲ್ಲಿ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿರುತ್ತಾಳೆ. ನಮಗಿಂತ ದೊಡ್ಡ ತೋಟದವರು, ಓದಿಕೊಂಡವರು, ಪಂಚಾಯಿತಿ ಮೆಂಬರಾದವರು ಬೀದಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಿವಿ ಇರುವವನು ಅಪ್ಪ ಒಬ್ಬನೇ. ಆ ಕಿವಿ ಹೋದರೆ ಅವನಿಗೆ ಬೀದಿಯಲ್ಲಿ ಉಳಿಯುವುದು ವಯಸ್ಸೊಂದೇ.

ಹಿಂದಿನ ವರ್ಷ ಮಾತ್ರ ನಮ್ಮದೇ ಅಟ್ಟದ ಕಾಯಿ ಒಂದಷ್ಟು ಹಸಿಯಾಗಿ ಬಂದಿತ್ತು. ಅಪ್ಪ ತಪ್ಪನ್ನು ಮಳೆಯ ಮೇಲೆ ಹಾಕಿದ. ಮಳೆ ಬಂದು ಇಲ್ಲ ಅನ್ನುವುದಿಲ್ಲವಲ್ಲ, ನಾನೂ ಒಪ್ಪಿಕೊಂಡೆ.

ಹೋಂ ಥಿಯೇಟರ್ ಬಂದ ಮೇಲೆ ಮನೆಯಲ್ಲಿ ಎರಡು ದೂರು ಶುರುವಾದವು. ಒಂದು ಅಪ್ಪನದು: "ಹೊಡೆದಾಟ ಕೇಳುತ್ತೆ, ಹಾಡು ಕೇಳುತ್ತೆ, ಮಾತು ಮಾತ್ರ ಬರಾಕಿಲ್ಲ. ಜೋರಾಗೈತೆ, ಸ್ಪಷ್ಟ ಇಲ್ಲ." ಇನ್ನೊಂದು ನನ್ನದು: ಬೇಸ್ ಬಂದಾಗಲೆಲ್ಲ ಅದರ ಹಿಂದೆಯೇ ಎಲ್ಲೋ ಗಡಗಡ ಎಂದು ಇನ್ನೊಂದು ಸದ್ದು. ಸಿನಿಮಾದಲ್ಲಿ ಗುಡುಗು ನಿಂತರೂ ನಮ್ಮ ಮನೆಯಲ್ಲಿ ಅರೆ ಗಳಿಗೆ ತಡವಾಗಿ ನಿಲ್ಲುತ್ತಿತ್ತು.

ಮೊದಲ ಅನುಮಾನ ವಿಭೂತಿಯ ಮೇಲೆ ಹೋಯಿತು. ಒಣಗಿದ ಪಟ್ಟೆ ಚಕ್ಕೆಯೆದ್ದು ಅದುರುತ್ತಿರಬೇಕು ಎಂದುಕೊಂಡು, ಅಪ್ಪ ತೋಟಕ್ಕೆ ಹೋದ ಹೊತ್ತಿನಲ್ಲಿ ಮೆತ್ತಗಿನ ಬಟ್ಟೆಯಲ್ಲಿ ಒರೆಸಿದೆ. ಗಡಗಡ ಹೋಗಲಿಲ್ಲ. ಅಪ್ಪ ಬಂದವನೇ ಬರಿದಾದ ಬಟ್ಟಲು ನೋಡಿ ಹೊಸದಾಗಿ ಮೂರು ಪಟ್ಟೆ ಎಳೆದ. ಅದರಿಂದ ಸದ್ದು ಹೆಚ್ಚೂ ಆಗಲಿಲ್ಲ. ಆ ವಿಷಯದಲ್ಲಿ ವಿಭೂತಿ ನಿರಪರಾಧಿ ಎಂದು ಬರೆದುಕೊಳ್ಳಬಹುದು.

ಹಳೇಬೀಡಿನಲ್ಲಿ ನನ್ನ ಸ್ಕೂಲಿನ ಸ್ನೇಹಿತನೊಬ್ಬನಿದ್ದಾನೆ. ಬಸದಿಗಳ ಹತ್ತಿರದ ಜೈನರ ಮನೆ, ಕೆಳಗೆ ಪೈಪು ಮೊಳೆ ಮಾರುವ ಅಂಗಡಿ, ಮೇಲೆ ಅವನದೊಂದು ಕೋಣೆ. ಆ ಕೋಣೆಯಲ್ಲಿ ಅವನು ಸದ್ದನ್ನು ಸಾಕಿಕೊಂಡಿದ್ದಾನೆ ಎಂದೇ ಹೇಳಬೇಕು. ಒಂದು ಭಾನುವಾರ ಜಾವಗಲ್ ಮೇಲಿನ ಬಸ್ಸು ಹಿಡಿದು ಹೋದೆ. ಅವನು ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವನಾದ್ದರಿಂದ ಮಧ್ಯಾಹ್ನವೇ ಹೋಗಬೇಕು, ಇಲ್ಲದಿದ್ದರೆ ನಮ್ಮ ಪಾಲಿನ ಊಟ ತಪ್ಪುತ್ತದೆ. ಊಟವಾದ ಮೇಲೆ ನನ್ನನ್ನು ಒಂದೇ ಒಂದು ಕುರ್ಚಿಯಲ್ಲಿ ಕೂರಿಸಿ ಮಳೆಯ ಸದ್ದು ಹಾಕಿದ. ಕತ್ತು ಅಲ್ಲಾಡಿಸಬೇಡ ಅಂದ. ನಾನು ಒದ್ದೆಯಾಗಲಿಲ್ಲ ಅನ್ನುವುದೊಂದು ಬಿಟ್ಟರೆ ಉಳಿದದ್ದೆಲ್ಲ ಮಳೆಯೇ. ನನಗೆ ಹೊಟ್ಟೆಕಿಚ್ಚಾಯಿತು.

ನನ್ನ ಎರಡೂ ದೂರು ಹೇಳಿದೆ. ಅವನು ಡಾಕ್ಟರ ಹಾಗೆ ಒಂದೊಂದೇ ಕೇಳಿದ.

"ಸೆಂಟರ್ ಸ್ಪೀಕರ್ ಎಲ್ಲಿಟ್ಟಿದ್ದೀಯ?"

"ಶೋಕೇಸಿನಲ್ಲಿ."

"ಶೋಕೇಸಲ್ಲಿ ಎಲ್ಲಿ?"

"ಗಾಜಿನ ಬಾಗಿಲ ಹಿಂದೆ. ಧೂಳು ಕೂರಬಾರದಲ್ಲ."

"ಸಿನಿಮಾದ ಮಾತೆಲ್ಲಾ ಅದೊಂದರಿಂದಾನೇ ಬರೋದು ಕಣೋ. ಅದನ್ನ ಗಾಜೊಳಗೆ ಕೂಡಿಹಾಕಿ ನಿಮ್ಮಪ್ಪಂಗೆ ಮಾತು ಕೇಳ್ಸಲ್ಲ ಅಂದ್ರೆ? ಅವರು ಹೇಳ್ತಿರೋದು ಸರಿಯಾಗೇ ಐತೆ."

ಹಾಗೆಂದು ಅವನು ಹೇಳಿದ್ದು ನನಗೆ ದೊಡ್ಡ ಸಮಾಧಾನ. ದೋಷ ಸ್ಪೀಕರಿನದು, ಜಾಗದ್ದು, ಗಾಜಿನದು. ಇನ್ನೂ ಏನೇನೋ ಹೇಳಿಕೊಟ್ಟ. ಬರೀ ಗೋಡೆಗೆ ದಪ್ಪ ಬಟ್ಟೆ ಇಳಿಬಿಡು, ನೆಲಕ್ಕೆ ಜಮಖಾನ ಹಾಸು, ಸ್ಪೀಕರುಗಳನ್ನು ಮೂಲೆಯಿಂದ ಈಚೆ ತಾ, ಕೂತವರ ಕಿವಿಯ ಎತ್ತರಕ್ಕೆ ಇಡು. ಬೇಸ್ ಡಬ್ಬಕ್ಕೆ ಜಾಗ ಹುಡುಕುವ ಕ್ರಮ ಮಾತ್ರ ವಿಚಿತ್ರವಾಗಿತ್ತು. ನೀನು ಕೂರುವ ಜಾಗದಲ್ಲಿ ಡಬ್ಬ ಕೂರಿಸಬೇಕು, ಬೇಸ್ ಇರುವ ಹಾಡು ಹಾಕಬೇಕು, ಆಮೇಲೆ ನೀನು ನೆಲದ ಮೇಲೆ ಅಂಬೆಗಾಲಿಟ್ಟು ಗೋಡೆಗುಂಟ ಹೋಗಬೇಕು. ಎಲ್ಲಿ ಸದ್ದು ಚೆನ್ನಾಗಿ ಕೇಳುತ್ತದೋ ಅಲ್ಲಿ ಡಬ್ಬ ಇಡಬೇಕು. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಅವನು ತಮಾಷೆ ಮಾಡುವವನಲ್ಲ.

ಮರುದಿನ ಸಂಜೆ ಅಪ್ಪ ಕೂರುವ ದಿವಾನದ ಮೇಲೆ ಡಬ್ಬ ಕೂರಿಸಿ ನಾನು ನೆಲಕ್ಕಿಳಿದೆ. ಲುಂಗಿ ಕಟ್ಟಿಕೊಂಡು ಅಂಬೆಗಾಲಿಡುವುದು ಕಷ್ಟದ ಕೆಲಸ. ಶೋಕೇಸಿನ ಪಕ್ಕ ಹೋಗಿದ್ದೆ, ಅಷ್ಟರಲ್ಲಿ ಎದುರು ಮನೆಯ ಹೆಂಗಸು ಮೊಸರಿಗೆ ಹೆಪ್ಪು ಕೇಳಲು ಬಂದರು. ಬಾಗಿಲಲ್ಲೇ ನಿಂತರು.

"ಬೇಸ್ ಹುಡುಕ್ತಾ ಇದಾರೆ" ಅಂದಳು ನನ್ನ ಹೆಂಡತಿ, ಹೆಪ್ಪಿನ ಬಟ್ಟಲು ಕೊಡುತ್ತ.

"ಸಿಕ್ತಾ?" ಅಂದರು ಅವರು. ಅವರ ದನಿಯಲ್ಲಿ ನಿಜವಾದ ಕಾಳಜಿ ಇತ್ತು.

ಸಿಕ್ಕಿತು. ಅಟ್ಟದ ತೊಲೆ ಹೊತ್ತ ಮರದ ಕಂಬದ ಬುಡದಲ್ಲಿ ಸಿಕ್ಕಿತು. ಡಬ್ಬವನ್ನು ಅಲ್ಲಿಗೆ ಸರಿಸಿದೆ. ನಡುವಿನ ಸ್ಪೀಕರನ್ನು ಗಾಜಿನಿಂದ ಬಿಡಿಸಿ ಟೀವಿಯ ಕೆಳಗೆ ಇಟ್ಟೆ. ಗೋಡೆಗೆ ಅಮ್ಮನ ಕಾಲದ ಎರಡು ಕಂಬಳಿ ಇಳಿಬಿಟ್ಟೆ. ಅಮ್ಮ ಹೋಗಿ ಕೆಲವು ವರ್ಷಗಳಾಗಿವೆ, ಇದ್ದಿದ್ದರೆ ಬಿಡುತ್ತಿರಲಿಲ್ಲ. ಈಗ ಮಾತು ಎಷ್ಟು ಚೆನ್ನಾಗಿ ಬಂತೆಂದರೆ ನಟಿ ಉಗುಳು ನುಂಗಿದ್ದೂ ಗೊತ್ತಾಯಿತು. ನಾನು ಗೆದ್ದವನ ಹಾಗೆ ಅಪ್ಪನ ಕಡೆ ತಿರುಗಿದೆ.

"ಹೆಂಗೈತೆ?"

ಅಪ್ಪ ಟೀವಿ ನೋಡುತ್ತಲೇ ಇದ್ದ. ನನ್ನ ಹೆಂಡತಿ ಎದ್ದು ಅವನ ಮುಂದೆ ಹೋಗಿ ನಿಂತು, "ಮಾವ, ಸದ್ದು ಹೆಂಗಿದೆ ಅಂತ ಕೇಳ್ತಿದಾರೆ" ಅಂದಳು.

"ಎಲ್ಲಾ ಚೆನ್ನಾಗೈತೆ. ಮಾತು ಮಾತ್ರ ಬರಾಕಿಲ್ಲ" ಅಂದ.

ನನಗೆ ಕೆಂಡದಂಥ ಕೋಪ ಬಂತು. ಇಷ್ಟೆಲ್ಲ ಮಾಡಿಯೂ ಒಂದು ಒಳ್ಳೆಯ ಮಾತಿಲ್ಲವಲ್ಲ ಎಂದು ರಿಮೋಟನ್ನು ದಿವಾನದ ಮೇಲೆ ಎಸೆದು ಹಿತ್ತಲಿಗೆ ಹೋದೆ. ಕಿವಿಯ ಹನಿ ಔಷಧಿಯನ್ನು ದಿನವೂ ಊರವರಿಗೆ ಮಾರುವ ನನಗೆ ಇನ್ನೇನೂ ಹೊಳೆಯಲಿಲ್ಲ.

ಗಡಗಡ ಮಾತ್ರ ಹಾಗೇ ಉಳಿದಿತ್ತು; ಹೊಸ ಜಾಗದಲ್ಲಿ ಇನ್ನೂ ಹೆಚ್ಚಾಗಿತ್ತು. ಆ ವಾರ ಹೆಂಡತಿ ಬೇಲೂರಿಗೆ, ಅವಳ ತಮ್ಮನ ಮನೆಯ ಗೃಹಪ್ರವೇಶಕ್ಕೆ ಹೋದಳು. ಅಡುಗೆಮನೆಯ ಪಾತ್ರೆ ಸದ್ದೂ ಇಲ್ಲದ ಮನೆಯಲ್ಲಿ ನಾನು ಗುಡುಗಿನ ಒಂದೇ ದೃಶ್ಯವನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಶೋಕೇಸಿನ ಗಾಜು ಒತ್ತಿ ಹಿಡಿದೆ, ಅಲ್ಲ. ಕಿಟಕಿ, ಅಲ್ಲ. ಗೋಡೆಯ ಫೋಟೋಗಳನ್ನೆಲ್ಲ ಇಳಿಸಿ ನೆಲದ ಮೇಲೆ ಒರಗಿಸಿದೆ, ಅಲ್ಲ. ಕೊನೆಗೆ ಕತ್ತೆತ್ತಿ ನೋಡಿದೆ.

ರಿಮೋಟನ್ನು ಜೇಬಿಗೆ ಹಾಕಿಕೊಂಡು ಏಣಿ ಹತ್ತಿದೆ. ಅಟ್ಟದಲ್ಲಿ ಕೂತು ಗುಡುಗು ಹಾಕಿದೆ. ತೊಲೆ ಅದುರಿತು, ಅದರ ಮೇಲೆ ಹಾಸಿದ ಅಡಿಕೆ ಮರದ ದಬ್ಬೆಗಳು ಅದುರಿದವು, ರಾಶಿಯ ಕಾಯಿಗಳೆಲ್ಲ ಒಟ್ಟಿಗೆ ಗಡಗಡ ಎಂದವು. ಒಂದು ಕಾಯಿ ಎತ್ತಿ ಅಲ್ಲಾಡಿಸಿದೆ. ಒಳಗೆ ಉಂಡೆ ಚೆನ್ನಾಗಿ ಆಡುತ್ತಿತ್ತು. ಇನ್ನೊಂದು ಎತ್ತಿದೆ, ಅದೂ ಆಡಿತು. ಕೊಬ್ಬರಿ ಅಟ್ಟದ ಕೆಳಗೆ ಬೇಸ್ ಡಬ್ಬ ಇಟ್ಟು, ಸದ್ದು ಎಲ್ಲಿಂದ ಎಂದು ತಿಂಗಳುಗಟ್ಟಲೆ ಹುಡುಕಿದವನು ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಆದರೂ ಖುಷಿಯಾಯಿತು. ಅಟ್ಟ ಇಳಿಸಿದರೆ ಮುಗಿಯಿತು. ಕಾಯಿಯೂ ಆಗಿದೆ, ಸದ್ದೂ ಸರಿಯಾಗುತ್ತದೆ.

ಕಾಯಿ ಹಿಡಿದುಕೊಂಡೇ ಇಳಿದು ಜಗಲಿಗೆ ಹೋದೆ. ಅಪ್ಪ ಕಂಬಕ್ಕೊರಗಿ ಕೂತಿದ್ದ. ಎದುರು ನಿಂತು ಹೇಳಿದೆ. "ಅಪ್ಪಾ, ಕಾಯಿ ಆಗೈತೆ. ಇಳಿಸಾನ."

"ಇನ್ನೂ ಇರ್ಲಿ."

"ಆಗೈತೆ ಕಣಪ್ಪಾ, ನೋಡು ಬೇಕಾದ್ರೆ."

"ಅವಸರ ಏನ್ಲಾ? ಬೇಲೂರಿಂದ ಅವಳು ಬರ್ಲಿ, ಆಮೇಲೆ ನೋಡಾನ."

ಕಾಯಿ ಇಳಿಸುವುದಕ್ಕೂ ನನ್ನ ಹೆಂಡತಿ ಬರುವುದಕ್ಕೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ. ಕಾಯನ್ನು ಅವನ ಕೈಯಲ್ಲೇ ಇಟ್ಟೆ. ಅಪ್ಪ ನನ್ನ ಮುಖ ನೋಡಿದ, ಬೀದಿಯ ಕಡೆ ನೋಡಿದ. ಆಮೇಲೆ ಕಾಯನ್ನು ಕಿವಿಯ ಹತ್ತಿರ ತಂದು ಅಲ್ಲಾಡಿಸಿದ. ಅದು ಆಡಿದ್ದು ಎದುರಿಗೆ ನಿಂತ ನನಗೂ ಕೇಳಿಸಿತು. ಅಪ್ಪ ಕಣ್ಣು ಅರ್ಧ ಮುಚ್ಚಿದ, ಎಂದಿನಂತೆ ಸ್ವಲ್ಪ ಹೊತ್ತು ಬಿಟ್ಟ.

"ಸದ್ದೇ ಇಲ್ಲ ನೋಡು. ಹಸಿ ಐತೆ" ಅಂದ.

ನನಗೆ ಹೆದರಿಕೆಯಾಯಿತು. "ಹೂಂ" ಎಂದು ತಲೆಯಾಡಿಸಿ, ಅವನ ಕೈಯಿಂದ ಕಾಯಿ ತೆಗೆದುಕೊಂಡು ಒಳಗೆ ಬಂದೆ. ಅದು ನಡೆಯುವಾಗಲೂ ಆಡುತ್ತಿತ್ತು, ಹಾಗಾಗಿ ಎದೆಗೊತ್ತಿ ಹಿಡಿದುಕೊಂಡೆ. ಅಪ್ಪನಿಗೆ ಕೇಳಿಸುವುದಿಲ್ಲ ಎನ್ನುವುದು ಆ ಕ್ಷಣಕ್ಕೂ ತಲೆಗೆ ಪೂರ್ತಿ ಇಳಿದಿರಲಿಲ್ಲ.

ಹೆಂಡತಿ ಬೇಲೂರಿನಿಂದ ಬಂದ ದಿನ ಅವಳು ಚೀಲ ಕೆಳಗಿಡುವ ಮೊದಲೇ ಅಡುಗೆಮನೆಯಲ್ಲಿ ಹೇಳಿದೆ. ಅವಳು ಬೆಚ್ಚಲಿಲ್ಲ.

"ನಿಮಗೆ ಗೊತ್ತಿರ್ಲಿಲ್ವಾ?" ಅಂದಳು.

"ನಿನಗೆ ಗೊತ್ತಿತ್ತಾ?"

"ನಾನು ಮಾವನ ಎದುರಿಗೆ ಹೋಗಿ ನಿಂತೇ ಮಾತಾಡೋದು ನೋಡಿಲ್ವಾ ನೀವು? ಹೋದ ವರ್ಷ ನಮ್ಮ ಕಾಯಿ ಹಸಿಯಾಗಿ ಬಂತಲ್ಲ, ಆವತ್ತೇ ಗೊತ್ತಾಯ್ತು."

"ಮತ್ತೆ ಊರವರ ಕಾಯಿ?"

ಅವಳು ಒಲೆಯ ಕಡೆ ತಿರುಗಿ ಹಾಲು ಕಾಯಲಿಟ್ಟಳು. "ಕಾಫಿ ಹಿಡ್ಕೊಂಡು ಬಾಗಿಲಲ್ಲಿ ನಿಂತಿರ್ತೀನಲ್ಲ. ಕಾಯಿ ಆಡಿದ್ರೆ ತಲೆ ಆಡಿಸ್ತೀನಿ. ಇಲ್ಲಾಂದ್ರೆ ಸುಮ್ನೆ ನಿಂತಿರ್ತೀನಿ. ಮಾವ ಯಾವತ್ತೂ ಕೇಳಿಲ್ಲ, ನಾನೂ ಯಾವತ್ತೂ ಹೇಳಿಲ್ಲ. ನೀವೂ ಏನೂ ಹೇಳೋಕೆ ಹೋಗ್ಬೇಡಿ."

ಬೀದಿಯ ಅಷ್ಟೂ ಅಟ್ಟಗಳು ಒಂದು ವರ್ಷದಿಂದ ನನ್ನ ಹೆಂಡತಿಯ ತಲೆಯ ಮೇಲೆ ನಿಂತಿದ್ದವು. ನಾನು ಜಮಖಾನ ಹಾಸುತ್ತಿದ್ದೆ. ನಾಚಿಕೆಯೂ ಆಯಿತು, ಅವಳ ಮೇಲೆ ಹೇಳಿಕೊಳ್ಳಲಾಗದಷ್ಟು ಪ್ರೀತಿಯೂ ಬಂತು. ಹೇಳಿದರೆ "ಹಾಲು ಉಕ್ಕುತ್ತೆ, ಪಕ್ಕಕ್ಕೆ ಸರೀರಿ" ಅನ್ನುತ್ತಿದ್ದಳು. ಹಾಗಾಗಿ ಹೇಳಲಿಲ್ಲ.

ನನ್ನ ಕೈಲಿ ಸುಮ್ಮನಿರಲು ಆಗಲಿಲ್ಲ. ರಕ್ತದೊತ್ತಡ ತೋರಿಸುವ ನೆಪ ಮಾಡಿ ಅಪ್ಪನನ್ನು ಹಾಸನಕ್ಕೆ ಕರೆದುಕೊಂಡು ಹೋದೆ. ಕಿವಿಯ ಡಾಕ್ಟರ ಬೋರ್ಡು ನೋಡಿದ ಅಪ್ಪ ನನ್ನ ಮುಖ ನೋಡಿದ, ಜಗಳ ಆಡಲಿಲ್ಲ. ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಮಾತನ್ನು ಬಿಡಿಸಿ ತೋರಿಸುವ ಸಣ್ಣ ಸದ್ದುಗಳು ಮೊದಲು ಹೋಗುತ್ತವೆ, ದಪ್ಪ ಸದ್ದು ಉಳಿದಿರುತ್ತದೆ, ಅದಕ್ಕೇ ಜೋರಾಗಿದ್ದರೂ ಮಾತು ತಿಳಿಯುವುದಿಲ್ಲ ಅಂದರು ಡಾಕ್ಟರು. ಅಪ್ಪ ಶುರುವಿನಿಂದ ಅದನ್ನೇ ಹೇಳುತ್ತಿದ್ದ. ಎರಡು ಕಿವಿಗೂ ಮೆಷಿನ್ ಕೊಟ್ಟರು.

ಅದೂ ಸ್ಪೀಕರೇ. ನಮ್ಮ ಮನೆಯ ಅತಿ ಚಿಕ್ಕ ಸ್ಪೀಕರು. ಅದನ್ನು ಸರಿಮಾಡಲು ನಾನು ಪಟ್ಟ ಪಾಡಿನ ಮುಂದೆ ಅಂಬೆಗಾಲು ಏನೂ ಅಲ್ಲ. ಹೆಚ್ಚು ಮಾಡಿಸಿದೆ, ಕಡಿಮೆ ಮಾಡಿಸಿದೆ, ಮತ್ತೆ ಮತ್ತೆ ಹಾಸನಕ್ಕೆ ಹೋದೆವು. ಅಪ್ಪನಿಗೆ ಟೀವಿಯ ಮಾತು ಬಂತು, ಸೊಸೆ ಹಿಂದಿನಿಂದ ಕರೆದದ್ದೂ ಕೇಳಿತು. ಫ್ಯಾನೂ ಕೇಳಿತು, ಪಾತ್ರೆಯೂ ಕೇಳಿತು, ಎದುರು ಮನೆಯ ಜಗಳವೂ ಕೇಳಿತು. "ಇಷ್ಟೊಂದು ಗದ್ದಲಾನಾ ಈ ಮನೇಲಿ?" ಅಂದ. ಮದುವೆಗೆ, ಬ್ಯಾಂಕಿಗೆ ಹೋಗುವಾಗ ಹಾಕಿಕೊಳ್ಳಲು ಒಪ್ಪಿದ.

ಹೋಂ ಥಿಯೇಟರಿನ ವಿಷಯ ಇಲ್ಲಿಗೇ ಮುಗಿಸಿಬಿಡುತ್ತೇನೆ. ಡಬ್ಬವನ್ನು ಕಂಬದಿಂದ ದೂರ ಸರಿಸಿ, ಕೆಳಗೆ ಮಡಿಸಿದ ಗೋಣಿಚೀಲ ಹಾಕಿದೆ. ಬೇಸ್ ಸ್ವಲ್ಪ ಕಡಿಮೆ, ಗಡಗಡ ಇಲ್ಲವೇ ಇಲ್ಲ ಅನ್ನುವಷ್ಟು. ಇದಕ್ಕಿಂತ ಚೆನ್ನಾಗಿ ಮಾಡುವ ಆಸೆ ಈಗ ಇಲ್ಲ.

ಅಟ್ಟ ಇನ್ನೂ ಇಳಿಸಿರಲಿಲ್ಲ. ಹಾಸನದ ಓಡಾಟ ಮುಗಿದ ಮೇಲೆ ಒಂದು ಭಾನುವಾರ ಬೆಳಗ್ಗೆ ಹೆಂಡತಿ ನೀರು ಹಿಡಿಯಲು ಹೋಗಿದ್ದಳು. ಅಪ್ಪ ಅಟ್ಟದ ಕೆಳಗೆ ನಿಂತು ನನ್ನನ್ನು ಕರೆದ. ಎರಡು ಕಿವಿಗೂ ಮೆಷಿನ್ ಹಾಕಿಕೊಂಡಿದ್ದ. ನಾನು ಏಣಿ ಹತ್ತಿ ಒಂದು ಕಾಯಿ ತಂದುಕೊಟ್ಟೆ. ಅಲ್ಲಾಡಿಸಿದ. ಮುಖ ಸಣ್ಣದಾಯಿತು. ಇನ್ನೊಮ್ಮೆ ಅಲ್ಲಾಡಿಸಿದ.

"ಕೇಳ್ಸುತ್ತೆ. ಆದ್ರೆ ಇದು ಕಾಯಿ ಸದ್ದಲ್ಲ ಕಣ್ಲಾ. ತಗಡಿನ ಡಬ್ಬದಾಗೆ ಕಲ್ಲು ಹಾಕ್ದಂಗೈತೆ" ಅಂದ.

ಮೆಷಿನ್ನುಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಅಪ್ಪ ಕಾಯನ್ನು ತನ್ನ ಕಿವಿಗೆ ಹಿಡಿಯಲಿಲ್ಲ. ಕೈ ಮುಂದೆ ಚಾಚಿ ನನ್ನ ಕಿವಿಯ ಹತ್ತಿರ ತಂದ, ನಿಧಾನವಾಗಿ ಅಲ್ಲಾಡಿಸಿದ.

"ಹೆಂಗೈತೆ, ಹೇಳು."

ಅವನಿಗೆ ಕಾಣುವ ಹಾಗೆ ತುಟಿ ಅಗಲಿಸಿ, "ಆಡ್ತೈತೆ" ಅಂದೆ.

"ಆಡೋದು ಎಲ್ಲಾ ಆಡ್ತವೆ. ಹೆಂಗೆ ಆಡ್ತೈತೆ?"

"ಒಣ ಸದ್ದು."

"ಒಣ ಅಂದ್ರೆ? ಬಡಿದಂಗೋ, ಒರೆಸಿದಂಗೋ?"

ಮತ್ತೆ ಅಲ್ಲಾಡಿಸಿದ. ಸ್ಪೀಕರಿನ ಸದ್ದನ್ನು ತಿಂಗಳುಗಟ್ಟಲೆ ತೂಗಿ ನೋಡಿದವನು ನಾನು. ಒಂದು ಕಾಯಿಯ ಸದ್ದಿಗೆ ಮಾತು ಸಿಗಲಿಲ್ಲ. ಕಣ್ಣು ಮುಚ್ಚಿ ಕೇಳಿದೆ.

"ಮೊದಲು ಒಂಚೂರು ಒರೆಸುತ್ತೆ. ಆಮೇಲೆ ಬಡಿಯುತ್ತೆ. ಬಡಿದ ಮೇಲೆ ಸದ್ದು ನಿಲ್ಲಲ್ಲ, ಒಳಗೇ ಉರುಳುತ್ತೆ. ನೀರಿಲ್ಲ. ಒಣಗಿದ ಮರದ ಪೆಟ್ಟಿಗೆಯೊಳಗೆ ಮರದ ಗುಂಡು ಉರುಳ್ದಂಗೆ."

ಅಪ್ಪ ನನ್ನ ತುಟಿಗಳನ್ನೇ ನೋಡುತ್ತಿದ್ದ. "ಆಗೈತೆ" ಅಂದ. "ನಾಳೆ ಆಳಿಗೆ ಹೇಳು, ಇಳಿಸಾನ."

ಸರಿ ಎಂದು ನಾನು ಕಾಯಿಗೆ ಕೈ ಚಾಚಿದೆ. ಅಪ್ಪ ಕೊಡಲಿಲ್ಲ. ಅದನ್ನು ಮತ್ತೆ ನನ್ನ ಕಿವಿಯ ಹತ್ತಿರವೇ ತಂದು, ಇನ್ನೂ ನಿಧಾನವಾಗಿ ಅಲ್ಲಾಡಿಸಿದ.

"ಇನ್ನೊಂದ್ಸಲ ಹೇಳು" ಅಂದ. "ಹೆಂಗೆ ಉರುಳುತ್ತೆ?"